ನೀಲಿ ಮೊಟ್ಟೆಯ ಕೋಳಿ: ಜಾತಿಯದೋ, ಬೆರಕೆಯದೋ?

ಕೋಳಿಮೊಟ್ಟೆಯ ಬಣ್ಣ ಯಾವುದೆಂದು ಕೇಳಿದರೆ ನಮ್ಮಲ್ಲಿ ಯಾರೂ ಎರಡಕ್ಕಿಂತ ಹೆಚ್ಚು ಉತ್ತರ ಕೊಡಲಾರರು. ಫಾರಂ ಮೊಟ್ಟೆ ಬಿಳಿ, ನಾಟಿ ಮೊಟ್ಟೆ ಕಂದು, ಅಲ್ಲಿಗೆ ಮುಗಿಯಿತು. ನೀಲಿ ಮೊಟ್ಟೆಯಿಡುವ ಕೋಳಿಯೂ ಉಂಟು ಎಂದು ನಾನು ಹೇಳಿದಾಗ ಮಿತ್ರರೊಬ್ಬರು, "ಅದಕ್ಕೆ ಶಾಯಿ ಕುಡಿಸಿರಬೇಕು" ಎಂದರು. ಆದರೆ ಗೊರವಂಕದ ಗೂಡನ್ನು ಇಣಿಕಿ ನೋಡಿದವರಿಗೆ ನೀಲಿ ಮೊಟ್ಟೆ ಹೊಸದೇನೂ ಅಲ್ಲ. ಆ ನೀಲಿ ಕೋಳಿಗೆ ಬಂದದ್ದು ಹೇಗೆ, ಅದಕ್ಕೆ ಶುದ್ಧ ತಳಿಯ ಕೋಳಿಯೇ ಬೇಕೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಬಣ್ಣದ ಮಾತು. ಒಂದು ಮೊಟ್ಟೆ ಸಿದ್ಧವಾಗಲು ಸುಮಾರು ಒಂದು ದಿನ ಬೇಕು. ಅದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಚಿಪ್ಪು ಕಟ್ಟುವ ಕೆಲಸ. ಚಿಪ್ಪಿನ ಮೂಲವಸ್ತು ಸುಣ್ಣ, ಅದು ಬಿಳಿ. ಕಂದು ಬಣ್ಣ ಕೊನೆಯ ಕೆಲವು ಗಂಟೆಗಳಲ್ಲಿ ಮೇಲೆ ಬಳಿದಂತೆ ಸೇರುತ್ತದೆ. ಆದ್ದರಿಂದಲೇ ಕಂದು ಮೊಟ್ಟೆಯನ್ನು ಒಡೆದು ನೋಡಿದರೆ ಚಿಪ್ಪಿನ ಒಳಮೈ ಬೆಳ್ಳಗಿರುತ್ತದೆ. ನೀಲಿ ಹಾಗಲ್ಲ. ಬಿಲಿವರ್ಡಿನ್ ಎಂಬ ಆ ವರ್ಣದ್ರವ್ಯ ಚಿಪ್ಪಿನ ಉದ್ದಕ್ಕೂ ಇಳಿದಿರುತ್ತದೆ. ಒಳಗೂ ನೀಲಿ, ಹೊರಗೂ ನೀಲಿ. ನೀಲಿ ಚಿಪ್ಪಿನ ಮೇಲೆ ಕಂದು ಬಳಿದರೆ ಹಸಿರು. ಕಂದು ದಟ್ಟವಾಗಿದ್ದರೆ ಆಲಿವ್ ಕಾಯಿಯ ಬಣ್ಣ. ತಿನ್ನುವವನಿಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಳಗಿನ ಭಂಡಾರದ ಬಣ್ಣ ಕೋಳಿ ತಿಂದ ಮೇವಿನದು, ಚಿಪ್ಪಿನದಲ್ಲ.

ಈ ಕೋಳಿಗಳಲ್ಲಿ ಪ್ರಸಿದ್ಧವಾದದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ಅರೌಕಾನ. ಅಲ್ಲಿನ ಮಾಪುಚೆ ಜನರನ್ನು ಸ್ಪೇನಿನವರು ಅರೌಕಾನರೆಂದು ಕರೆದರು. ಅವರ ಹೆಸರೇ ಕೋಳಿಗೂ ನಿಂತಿತು. ೧೯೧೪ರಲ್ಲಿ ಚಿಲಿಗೆ ಹೋಗಿದ್ದ ಸ್ಪೇನಿನ ಪ್ರಾಧ್ಯಾಪಕ ಸಾಲ್ವಡೋರ್ ಕ್ಯಾಸ್ಟೆಲೊ ಎಂಬವರು ಇವನ್ನು ಕಂಡು ಬೆರಗಾದರು. ಬಾಲವಿಲ್ಲ, ಕಿವಿಯ ಬಳಿ ಲೋಲಾಕಿನಂತೆ ಗರಿಯ ಕುಚ್ಚು, ಮೇಲೆ ನೀಲಿ ಮೊಟ್ಟೆ! ೧೯೨೧ರಲ್ಲಿ ಹೇಗ್ ನಗರದಲ್ಲಿ ನಡೆದ ಮೊದಲ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಇದನ್ನು ಬೇರೆಯೇ ಒಂದು ಜೀವಜಾತಿಯೆಂಬಂತೆ ಲೋಕದ ಮುಂದಿಟ್ಟರು. ಲ್ಯಾಟಿನ್ ಹೆಸರನ್ನೂ ಇಟ್ಟರು. ಆದರೆ ಅವರು ಕಂಡದ್ದು ಚಿಲಿಯ ರೂಬೆನ್ ಬುಸ್ಟೋಸ್ ಎಂಬ ಕೋಳಿಪ್ರಿಯರು ಎರಡು ಬಗೆಯ ನಾಡಕೋಳಿಗಳನ್ನು ಕೂಡಿಸಿ ಪಡೆದ ಸಂತಾನವನ್ನು. ಒಂದು ಬಗೆಗೆ ಬಾಲವಿಲ್ಲ, ಮೊಟ್ಟೆ ನೀಲಿ. ಇನ್ನೊಂದಕ್ಕೆ ಕಿವಿಯ ಕುಚ್ಚುಂಟು, ಮೊಟ್ಟೆ ನೀಲಿಯಲ್ಲ. ೧೯೨೪ರ ಬಾರ್ಸಿಲೋನ ಸಮ್ಮೇಳನದಲ್ಲಿ ಕ್ಯಾಸ್ಟೆಲೊ ಅವರೇ ತಮ್ಮ ಮಾತನ್ನು ತಿದ್ದಿಕೊಂಡರು. ಎಂದರೆ ಇಂದು ಶುದ್ಧ ತಳಿಯೆಂದು ಮೆರೆಯುವ ಅರೌಕಾನದ ಹುಟ್ಟೇ ಒಂದು ಬೆರಕೆ.

ಶುದ್ಧಿಯ ನಿಯಮವಾದರೂ ಎಲ್ಲೆಡೆ ಒಂದೇ ಆಗಿದೆಯೇ? ಅದೂ ಇಲ್ಲ. ಅಮೆರಿಕದ ಕುಕ್ಕುಟ ಸಂಘ ೧೯೭೬ರಲ್ಲಿ ಒಪ್ಪಿದ ಅರೌಕಾನಕ್ಕೆ ಬಾಲವಿರಕೂಡದು, ಕಿವಿಯಲ್ಲಿ ಕುಚ್ಚಿರಬೇಕು. ಬ್ರಿಟನ್ನಿನ ಅರೌಕಾನಕ್ಕೆ ಬಾಲವೂ ಗಡ್ಡವೂ ಇವೆ. ಅಮೆರಿಕದಲ್ಲಿ ಬಾಲ, ಗಡ್ಡ ಇರುವ ನೀಲಿಮೊಟ್ಟೆಯ ಕೋಳಿಗಳಿಗೆ ೧೯೮೪ರಲ್ಲಿ ಅಮೆರೌಕಾನ ಎಂಬ ಪ್ರತ್ಯೇಕ ತಳಿಯ ಪಟ್ಟ ಕಟ್ಟಿದರು. ಈ ಯಾವ ಪಟ್ಟಿಗೂ ಸೇರದೆ ನೀಲಿ, ಹಸಿರು ಮೊಟ್ಟೆಯಿಡುವ ಕೋಳಿಗಳೆಲ್ಲ ಬೆರಕೆ. ಅವಕ್ಕೆ 'ಈಸ್ಟರ್ ಎಗ್ಗರ್' ಎಂದು ಹೆಸರು. ಈಸ್ಟರ್ ಹಬ್ಬಕ್ಕೆ ಮೊಟ್ಟೆಗೆ ಬಣ್ಣ ಹಚ್ಚುವುದು ಕ್ರೈಸ್ತರ ರೂಢಿ. ಈ ಕೋಳಿ ಅವರ ಶ್ರಮವನ್ನು ಉಳಿಸುತ್ತದೆ. ಮರಿ ಮಾರುವವರಲ್ಲಿ ಕೆಲವರು ಈ ಬೆರಕೆಯನ್ನೇ ಶುದ್ಧ ತಳಿಯ ಹೆಸರಿನಲ್ಲಿ ಮಾರಿದ್ದೂ ಉಂಟು. ಬಗೆಬಗೆಯ ಬಣ್ಣದ ಮೊಟ್ಟೆಗಳ ಬುಟ್ಟಿಯ ಚಿತ್ರ ನೋಡಿ, ಒಂದೇ ಹೇಟೆ ಇಂದು ನೀಲಿ, ನಾಳೆ ಹಸಿರು ಇಡುತ್ತದೆಂದು ಯಾರೂ ತಿಳಿಯಬಾರದು. ಒಂದು ಹೇಟೆಗೆ ಒಂದೇ ಬಣ್ಣ; ಛಾಯೆ ಮಾತ್ರ ತುಸು ಹೆಚ್ಚುಕಡಿಮೆಯಾದೀತು.

ಹಾಗಾದರೆ ಬೆರಕೆ ಕೋಳಿಯ ನೀಲಿ ನಕಲಿಯೇ? ಇದಕ್ಕೆ ಉತ್ತರ ಕೊಟ್ಟವರು ಕೇಂಬ್ರಿಜ್ಜಿನ ಪನೆಟ್ಟರು. ಜೀವಶಾಸ್ತ್ರದ ಪಠ್ಯದಲ್ಲಿ ಬರುವ ಪನೆಟ್ ಚೌಕ ಇವರದೇ. ನೀಲಿ ಬಣ್ಣಕ್ಕೆ ಕಾರಣ ಒಂದೇ ವಂಶವಾಹಿ, ಅದೂ ಪ್ರಬಲವಾದದ್ದು ಎಂದು ೧೯೩೩ರಲ್ಲಿ ಅವರು ತೋರಿಸಿಕೊಟ್ಟರು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ನೀಲಿ ವಂಶವಾಹಿ ಪಡೆದ ಹೇಟೆಯೂ, ಒಂದನ್ನೇ ಪಡೆದ ಹೇಟೆಯೂ ನೀಲಿ ಮೊಟ್ಟೆಯನ್ನೇ ಇಡುತ್ತವೆ. ಶುದ್ಧ ನೀಲಿಯ ಹುಂಜವನ್ನು ಬಿಳಿ ಮೊಟ್ಟೆಯ ಲೆಗಾರ್ನ್ ಹೇಟೆಗೆ ಕೂಡಿಸಿದರೆ ಹುಟ್ಟುವ ಹೆಣ್ಣುಮರಿಗಳೆಲ್ಲ ನೀಲಿಯವೇ. ಮೊಟ್ಟೆ ಬೇಕೆನ್ನುವವನಿಗೆ ಈ ಬೆರಕೆ ಯಾವುದರಲ್ಲೂ ಕಡಿಮೆಯಲ್ಲ. ಲೆಗಾರ್ನಿನ ರಕ್ತ ಸೇರಿದ್ದರಿಂದ ಹೆಚ್ಚು ಮೊಟ್ಟೆಯನ್ನೇ ನಿರೀಕ್ಷಿಸಬಹುದು.

ವ್ಯತ್ಯಾಸ ಕಾಣುವುದು ಮುಂದಿನ ಪೀಳಿಗೆಯಲ್ಲಿ. ಆ ಬೆರಕೆ ಹುಂಜ, ಹೇಟೆಗಳನ್ನೇ ಕೂಡಿಸಿದರೆ ನಾಲ್ಕು ಹೆಣ್ಣುಮರಿಗಳಲ್ಲಿ ಸರಾಸರಿ ಮೂರು ನೀಲಿ, ಒಂದು ಬಿಳಿ. ಶುದ್ಧ ತಳಿಯೆಂದರೆ ಮರಿಗಳ ವಿಷಯದಲ್ಲಿ ಕೊಟ್ಟ ಭರವಸೆಯೇ ಹೊರತು ಮೊಟ್ಟೆಯ ಗುಣದ ಮಾತಲ್ಲ. ಇದು ನಮಗೂ ಅಪರಿಚಿತವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಕೋಳಿಯೂ ಬೆರಕೆಯೇ. ನಮ್ಮ ತಾಯಿಯವರು ಗಿರಿರಾಜದ ಮೊಟ್ಟೆಗಳನ್ನು ನಾಟಿ ಹೇಟೆಯ ಕಾವಿಗೆ ಇಟ್ಟಿದ್ದರು. ಹೊರಬಂದ ಮರಿಗಳಲ್ಲಿ ಒಂದರಂತೆ ಒಂದಿರಲಿಲ್ಲ. ಒಂದು ತಾಯಿಯಷ್ಟು ತೂಗಿದರೆ ಇನ್ನೊಂದು ಅದರ ಅರ್ಧಕ್ಕೂ ಬರಲಿಲ್ಲ. ಆದರೂ ಆ ಒಂದೆರಡು ಕೋಳಿ ಸಂತೆಯಲ್ಲಿ ತಂದುಕೊಟ್ಟ ಹಣದಿಂದ ನನ್ನ ಒಂದು ವರ್ಷದ ಪುಸ್ತಕಗಳು ಬಂದವು. ನಮ್ಮ ಮಾತಿನಲ್ಲಿ ಒಳ್ಳೆಯ ನಾಯಿ 'ಜಾತಿ ನಾಯಿ', ಉಳಿದದ್ದೆಲ್ಲ 'ಬೆರಕೆ'. ಅಕ್ಕಿಗೆ ಕಲ್ಲು ಸೇರಿಸಿದರೆ 'ಕಲಬೆರಕೆ'. ಮನುಷ್ಯರ ಮೇಲೂ ಇದೇ ಪದಗಳನ್ನು ಎಸೆಯುವುದನ್ನು ನಾವೆಲ್ಲ ಕೇಳಿದ್ದೇವೆ. ಕೋಳಿಗೂಡಿನಲ್ಲೇ ನಿಲ್ಲದ ಲೆಕ್ಕ ಊರಿನಲ್ಲಿ ಹೇಗೆ ನಿಂತೀತೋ ನಾನರಿಯೆ.

ಏಕೆಂದರೆ ಶುದ್ಧಿಗೆ ತೆರಬೇಕಾದ ಬೆಲೆಯೂ ಇದೆ. ಅರೌಕಾನದ ಕಿವಿಯ ಕುಚ್ಚನ್ನು ತರುವ ವಂಶವಾಹಿ ಒಂದೇ ಇದ್ದರೆ ಕೋಳಿಗೆ ಅಲಂಕಾರ. ಎರಡು ಸೇರಿದರೆ ಮರಣ. ಕುಚ್ಚುಳ್ಳ ಹುಂಜ, ಕುಚ್ಚುಳ್ಳ ಹೇಟೆಗಳ ಮರಿಗಳಲ್ಲಿ ನಾಲ್ಕರಲ್ಲೊಂದು ಪಾಲು ಚಿಪ್ಪನ್ನು ಒಡೆಯುವ ಮೊದಲೇ, ಕಾವಿನ ಕೊನೆಯ ದಿನಗಳಲ್ಲಿ, ಸಾಯುತ್ತವೆ. ಬದುಕಿರುವ ಕುಚ್ಚಿನ ಕೋಳಿಗಳೆಲ್ಲ ಆ ವಂಶವಾಹಿಯನ್ನು ಒಂದೇ ಹೊತ್ತವು. ಆದ್ದರಿಂದ ಕುಚ್ಚಿಲ್ಲದ ಮರಿಗಳೂ ಪ್ರತಿ ಪೀಳಿಗೆಯಲ್ಲಿ ಹುಟ್ಟುತ್ತಲೇ ಇರುತ್ತವೆ. ತಳಿಯ ಗುರುತೆಂದು ಹೇಳುವ ಲಕ್ಷಣವೇ ಎಂದಿಗೂ ಶುದ್ಧವಾಗಿ ನಿಲ್ಲಲಾರದು. ಬಾಲವಿಲ್ಲದ್ದರಿಂದ ಮೊಟ್ಟೆ ಫಲಿಸುವುದೂ ಕಡಿಮೆ.

ಪನೆಟ್ಟರು ಬೇರೆ ದಾರಿ ಹಿಡಿದರು. ಅವರೂ ಮೈಕೇಲ್ ಪೀಸ್ ಎಂಬವರೂ ಲೆಗಾರ್ನ್, ಪ್ಲೈಮೌತ್ ರಾಕ್, ಅರೌಕಾನಗಳನ್ನು ಬೆರೆಸಿ, ಆರಿಸಿ, ಮತ್ತೆ ಬೆರೆಸಿ ಕ್ರೀಂ ಲೆಗ್‌ಬಾರ್ ಎಂಬ ಕೋಳಿಯನ್ನು ಪಡೆದರು. ಮೊಟ್ಟೆ ನೀಲಿ, ಮರಿ ಹುಟ್ಟಿದ ದಿನವೇ ಗಂಡೋ ಹೆಣ್ಣೋ ಎಂದು ಬಣ್ಣದಿಂದ ತಿಳಿಯುತ್ತದೆ. ೧೯೫೮ರಲ್ಲಿ ಬ್ರಿಟನ್ನಿನಲ್ಲಿ ಅದೂ ಶುದ್ಧ ತಳಿಯಾಯಿತು.

ಇನ್ನು ನೀಲಿಯ ಮೂಲ. ೨೦೧೩ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳು ಅದನ್ನು ಒಂದು ವೈರಸ್ಸಿನಲ್ಲಿ ಕಂಡವು. ಎಂದೋ ಕೋಳಿಯ ವಂಶದೊಳಗೆ ಸೇರಿಹೋದ ಆ ವೈರಸ್ಸಿನ ತುಂಡೊಂದು ಪಕ್ಕದ ವಂಶವಾಹಿಯನ್ನು ಚಿಪ್ಪು ಕಟ್ಟುವ ಜಾಗದಲ್ಲಿ ಎಬ್ಬಿಸಿಬಿಟ್ಟಿದೆ. ಚಿಲಿಯ ಕೋಳಿಗಳಲ್ಲಿ ಒಮ್ಮೆ, ಚೀನದ ದೋಂಗ್‌ಷಿಯಾಂಗ್ ಮತ್ತು ಲುಷಿ ಕೋಳಿಗಳಲ್ಲಿ ಬೇರೆಯಾಗಿ ಇನ್ನೊಮ್ಮೆ, ಹೀಗೆ ಎರಡು ಸಲ ಇದು ನಡೆದಿದೆ.

ಸಾಕುವವನಿಗೆ ಉಳಿಯುವ ತೊಡಕು ಹುಂಜದ್ದು. ಅದು ಮೊಟ್ಟೆಯಿಡುವುದಿಲ್ಲ, ಒಳಗೆ ನೀಲಿ ಇದೆಯೆಂದು ತಿಳಿಯುವುದೆಂತು? ಹಳಬರು ಜುಟ್ಟನ್ನು ನೋಡುತ್ತಿದ್ದರು. ಬಟಾಣಿ ಕಾಳು ಪೋಣಿಸಿದಂಥ ಮೂರು ಸಾಲಿನ ಗಿಡ್ಡ ಜುಟ್ಟಿನ ವಂಶವಾಹಿಯೂ ನೀಲಿಯದೂ ಅಕ್ಕಪಕ್ಕದಲ್ಲಿವೆ. ಆದ್ದರಿಂದ ಅರೌಕಾನದ ಸಂತಾನದಲ್ಲಿ ಅವೆರಡೂ ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ, ಅಪರೂಪಕ್ಕೆ ಅಗಲುತ್ತವೆ. ಈಗ ಒಂದು ಗರಿಯನ್ನು ಕಿತ್ತು ಪ್ರಯೋಗಶಾಲೆಗೆ ಕಳುಹಿಸಿದರೆ ನೀಲಿ ವಂಶವಾಹಿ ಒಂದಿದೆಯೋ ಎರಡಿದೆಯೋ ತಿಳಿಸುತ್ತಾರೆ. ಎರಡಿದ್ದರೆ, ಆ ಹುಂಜ ಬೆರಕೆಯ ಗೂಡಿನದಾದರೂ ಸರಿಯೆ, ಅದರ ಹೆಣ್ಣುಮರಿಗಳೆಲ್ಲ ನೀಲಿಯನ್ನೋ ಹಸಿರನ್ನೋ ಇಡುತ್ತವೆ.