ತಳವಾರಘಟ್ಟದ ಬಾಗಿಲಲ್ಲಿ ಕ್ಯಾಮೆರಾ ಹಿಡಿದು

ಕಮಲಾಪುರದಿಂದ ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಕಡೆ ಹೋಗುವ ರಸ್ತೆ ತಳವಾರಘಟ್ಟದ ಹೆಬ್ಬಾಗಿಲಿನೊಳಗೇ ಹಾದುಹೋಗುತ್ತದೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆ ದಾಟಿ ಬಂದವರು ಪಟ್ಟಣ ಹೊಗುತ್ತಿದ್ದ ದಾರಿಯಿದು. ಇವತ್ತು ಅದರಲ್ಲಿ ಪ್ರವಾಸಿಗರ ಆಟೊ, ಬಾಳೆಗೊನೆಯ ಗಾಡಿ, ಮೇವಿನ ಹೊರೆ ಕಟ್ಟಿದ ಬೈಕು ಓಡಾಡುತ್ತವೆ.

ಹೊಸಪೇಟೆಯಲ್ಲಿ ಮದುವೆ, ನಾಮಕರಣಗಳ ಫೋಟೊ ತೆಗೆಯುವುದು ನನ್ನ ಕಸುಬು. ಬಿಡುವು ಸಿಕ್ಕಾಗ ಇಲ್ಲಿಗೆ ಬರುತ್ತೇನೆ. ಕ್ಯಾಮೆರಾ ತಂದವರು ಹೆಚ್ಚಾಗಿ ರಸ್ತೆ ಖಾಲಿಯಾಗಲಿ ಎಂದು ಕಾಯುತ್ತಾರೆ. ನಾನು ಯಾರಾದರೂ ಬರಲಿ ಎಂದು ಕಾಯುತ್ತೇನೆ. ಖಾಲಿ ಬಾಗಿಲಿನ ಚಿತ್ರದಲ್ಲಿ ಅದರ ಎತ್ತರವೇ ತಿಳಿಯುವುದಿಲ್ಲ. ಸೈಕಲ್ ಮೇಲೊಬ್ಬ ಹುಡುಗ ಬಂದರೆ ಸಾಕು, ಕಲ್ಲಿನ ತೊಲೆ ಎಷ್ಟು ಮೇಲಿದೆ, ಒಂದೊಂದು ಬಂಡೆ ಎಷ್ಟು ದಪ್ಪ ಎಂಬುದು ಗೊತ್ತಾಗುತ್ತದೆ. ಹತ್ತಿರದಿಂದ ತೆಗೆಯುವುದಾದರೆ "ಅಕ್ಕಾರ, ಒಂದು ಫೋಟೊ ತೆಗಿಲೇನ್ರಿ?" ಎಂದು ಕೇಳಿಯೇ ತೆಗೆಯುತ್ತೇನೆ.

ಕಷ್ಟವೆಲ್ಲ ಬೆಳಕಿನದು. ಒಳಗೆ ನೆರಳು, ಆಚೆ ನಮ್ಮ ಕಡೆಯ ಬಿಸಿಲು. ಒಳಗಿನ ಕಲ್ಲಿಗೆ ಹೊಂದಿಸಿದರೆ ಆಚೆಯದೆಲ್ಲ ಬಿಳಿಚಿಹೋಗುತ್ತದೆ. ಮೊಬೈಲಿನಲ್ಲಾದರೆ ಪರದೆಯಲ್ಲಿ ಬಿಸಿಲು ಕಾಣುವ ಕಡೆ ಬೆರಳು ಒತ್ತಿ ಹಿಡಿಯಿರಿ. ನೆರಳನ್ನು ಆಮೇಲೆ ಸ್ವಲ್ಪ ತಿಳಿಯಾಗಿಸಬಹುದು, ಬಿಳಿಚಿಹೋದದ್ದು ಮರಳಿ ಸಿಗುವುದಿಲ್ಲ. ಬೆಳಗ್ಗೆ ಬೇಗ ಬಂದರೆ ಈ ವ್ಯತ್ಯಾಸವೂ ಕಡಿಮೆ.

ಹಂಪಿಯ ಇನ್ನೊಂದು ಹೆಬ್ಬಾಗಿಲಾದ ಭೀಮನ ಬಾಗಿಲಿನ ಬೆಳಕು ಬೇರೆ. ಅಲ್ಲಿ ದಾರಿ ನೆಟ್ಟಗಿಲ್ಲ. ನುಗ್ಗಿ ಬರುವ ದಂಡಿನ ವೇಗ ಮುರಿಯಲೆಂದು ಒಳಗೆ ತಿರುವು ಕೊಟ್ಟಿದ್ದಾರೆ. ತಿರುವಿನಲ್ಲಿ ಬೆಳಕು ಗೋಡೆಗೆ ಓರೆಯಾಗಿ ಬೀಳುವುದರಿಂದ ಉಳಿಯ ಏಟುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಸೌಗಂಧಿಕಾ ಹೂ ಹಿಡಿದ ಭೀಮನ ಉಬ್ಬುಶಿಲ್ಪವೂ ಇಲ್ಲೇ ಇದೆ.

ಇಲ್ಲಿ ಕ್ಯಾಮೆರಾ ಹಿಡಿದವರಲ್ಲಿ ನಾನು ಮೊದಲಿಗನಲ್ಲ. 1856ರಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದರು. ಕಾಗದ ಬೆಳಕು ಹೀರಲು ಹೊತ್ತು ಹಿಡಿಯುತ್ತಿತ್ತು. ಅಲ್ಲಾಡದೆ ನಿಂತವರಷ್ಟೇ ಅದರಲ್ಲಿ ಮೂಡಬಹುದಿತ್ತು, ನಡೆದಾಡುವವರು ಮೂಡುತ್ತಿರಲಿಲ್ಲ. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಅವೇ ಜಾಗಗಳನ್ನು ಹುಡುಕಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ಉಳಿಯಿತು ಎಂದು ತಿಳಿಯುತ್ತದೆ.

ನಮ್ಮ ಕಣ್ಣೆದುರಿನ ಬದಲಾವಣೆಯೂ ಚಿಕ್ಕದಲ್ಲ. ವಿರೂಪಾಕ್ಷ ದೇವಸ್ಥಾನದ ಎದುರಿನ ತೇರುಬೀದಿಯ ಕಲ್ಲುಮಂಟಪಗಳಲ್ಲಿ ಅಂಗಡಿ, ಹೋಟೆಲು, ಸಂಸಾರಗಳಿದ್ದವು. 2011ರ ಜುಲೈನಲ್ಲಿ ಅವನ್ನು ತೆರವು ಮಾಡಲಾಯಿತು. ಸ್ಮಾರಕ ಉಳಿಯಬೇಕು, ನಿಜ. ಆದರೆ ಆ ಮಂಟಪಗಳಲ್ಲಿ ಒಲೆ ಹಚ್ಚಿದವರ ಬದುಕೂ ಹಂಪಿಯ ಚರಿತ್ರೆಯೇ ಎಂದು ನಾನು ನಂಬಿದ್ದೇನೆ. ಬೀದಿಯಲ್ಲಿ ಈಗ ಅದರ ಗುರುತು ಹುಡುಕಬೇಕು, ಫೋಟೊಗಳಲ್ಲಿ ಇದೆ.

ನಿಮ್ಮ ಮನೆಯಲ್ಲಿ ಹಳೆಯ ಹಂಪಿ ಪ್ರವಾಸದ ಚಿತ್ರಗಳಿದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ವರ್ಷ, ಜಾಗ ಬರೆದಿಡಿ. ಅಂಗಡಿಯ ಬೋರ್ಡು, ಚಹಾದ ಗ್ಲಾಸು ಅಡ್ಡ ಬಂದಿದೆಯೆಂದು ಅಂಚು ಕತ್ತರಿಸಬೇಡಿ.