ಟ್ರೈಲರಿಗೆ ಹಳೆಯ ಜೀಪು: ಕೊಳ್ಳುವ ಮುನ್ನ

ಸಿದ್ದಾಪುರದ ಸುತ್ತಿನ ತೋಟಗಳಲ್ಲಿ ಕಾಫಿ ಹಣ್ಣನ್ನು ಕಣಕ್ಕೆ ತರುವ ಜೀಪೇ ಸಂತೆಗೂ ಬೇಕು. ಹಳೆಯ ಜೀಪು ಕೊಳ್ಳುವವರು ಅದು ಎಷ್ಟು ಎಳೆಯುತ್ತದೆಂದು ಕೇಳುತ್ತಾರೆ. ಇಳಿಜಾರಿನಲ್ಲಿ ಎಷ್ಟನ್ನು ತಡೆಯುತ್ತದೆಂಬುದೇ ಮುಖ್ಯ. ಟ್ರೈಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ ಅದರ ಭಾರವೆಲ್ಲ ಜೀಪಿನ ಬ್ರೇಕಿನ ಮೇಲೆಯೇ ಬೀಳುತ್ತದೆ.

ಮೊದಲು ಕೊಕ್ಕೆ ಕೂಡಿಸಿದ ಕಡೆ ಚಾಸಿಯಲ್ಲಿ ಬಿರುಕು, ತುಕ್ಕು, ಹೊಸ ವೆಲ್ಡಿಂಗ್ ಇದೆಯೇ ನೋಡಿರಿ. ಬ್ರೇಕು, ಕೈಬ್ರೇಕು ಸರಿಯಿದ್ದರೆ ಟ್ರೈಲರಿಗೆ ಅರ್ಧ ಹೊರೆ ಹೇರಿ, ಸಣ್ಣ ಏರಿನಲ್ಲಿ ನಿಲ್ಲಿಸಿ ಹೊರಡಿಸಿರಿ. ಎಂಜಿನ್ ಕೂಗಿದರೂ ಗಾಡಿ ಸಾಗದಿದ್ದರೆ ಕ್ಲಚ್ಚು ಸವೆದಿರಬಹುದು. ಲೋ ಗೇರು ಬಿದ್ದಲ್ಲೇ ನಿಲ್ಲಬೇಕು. ಆರ್.ಸಿ.ಯೊಡನೆ ಎಂಜಿನ್, ಚಾಸಿ ಸಂಖ್ಯೆಗಳನ್ನು ತಾಳೆ ನೋಡಿರಿ. 15 ವರ್ಷ ದಾಟಿದ್ದರೆ ನೋಂದಣಿ ನವೀಕರಿಸಿದೆಯೇ ಕೇಳಿರಿ.

ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ. ಟ್ರೈಲರಿನ ಮೇಲೆ ಕೆಲಸದವರನ್ನು ಕೂರಿಸಬೇಡಿರಿ. ಉರುಳಿದ ಮೂಟೆಯನ್ನು ಮತ್ತೆ ಹೇರಬಹುದು. ಹೋದ ಜೀವ ಬಾರದು.