ಒಂದು ಹನಿ ಎಣ್ಣೆ, ಒಂದು ಪರಾತ ನೀರು

ಅಗಲವಾದ ಪರಾತದಲ್ಲಿ ನೀರು ತುಂಬಿ, ಅಲುಗಾಟ ನಿಂತ ಮೇಲೆ ಲೈಕೊಪೋಡಿಯಂ ಎಂಬ ನಯವಾದ ಹಳದಿ ಪುಡಿಯನ್ನು ತೆಳ್ಳಗೆ ಉದುರಿಸಿ. ಡ್ರಾಪರ್‌ನಿಂದ ಓಲಿಯಿಕ್ ಆಮ್ಲದ ದ್ರಾವಣದ ಒಂದೇ ಹನಿ ಬಿಡಿ. ಯಾರೋ ಊದಿದಂತೆ ಪುಡಿ ಸುತ್ತಲೂ ಸರಿದು, ನಡುವೆ ರೊಟ್ಟಿಯಗಲದ ವೃತ್ತ ತೆರೆದುಕೊಳ್ಳುತ್ತದೆ. ಖಾಲಿ ಕಾಣುವ ಆ ಜಾಗದಲ್ಲಿ ಕೋಟಿ ಕೋಟಿ ಅಣುಗಳು ಒಂದೇ ಪದರವಾಗಿ ನಿಂತಿರುತ್ತವೆ!

ಕಡಲೆಕಾಯಿ ಎಣ್ಣೆಯಲ್ಲೂ ಹೇರಳವಾಗಿರುವ ಕೊಬ್ಬಿನಾಮ್ಲ ಇದು. ಅಣುವಿನ ಒಂದು ತುದಿ ನೀರಿಗೆ ಅಂಟಿಕೊಳ್ಳುತ್ತದೆ, ಉದ್ದನೆಯ ಬಾಲ ನೀರಿನಿಂದ ದೂರ ಸರಿಯುತ್ತದೆ. ಹಾಗಾಗಿ ಅಣುಗಳು ಗದ್ದೆಯ ಪೈರಿನಂತೆ ಒತ್ತೊತ್ತಾಗಿ ನಿಲ್ಲುತ್ತವೆ. ಪದರದ ದಪ್ಪ ಸಿಕ್ಕಿತೆಂದರೆ ಅಣುವಿನ ಉದ್ದವೇ ಸಿಕ್ಕಂತೆ.

ಅಪ್ಪಟ ಆಮ್ಲದ ಹನಿ ಬಿಟ್ಟರೆ ಅದು ಸುಮಾರು 10 ಚದರ ಮೀಟರ್, ಒಂದು ಕೋಣೆಯಷ್ಟು ಹರಡೀತು. ಅದಕ್ಕೇ 1 ಮಿ.ಲೀ. ಆಮ್ಲಕ್ಕೆ ಆಲ್ಕೋಹಾಲ್ ಬೆರೆಸಿ 20 ಮಿ.ಲೀ. ಮಾಡಿ, ಅದರಲ್ಲಿ 1 ಮಿ.ಲೀ. ತೆಗೆದು ಮತ್ತೆ 20ಕ್ಕೆ ಏರಿಸಬೇಕು. ಈಗ 400 ಪಾಲಿನಲ್ಲಿ ಒಂದೇ ಪಾಲು ಆಮ್ಲ. ಮಿ.ಲೀ.ಗೆ 50 ಹನಿ ಎಂದಾದರೆ ಒಂದು ಹನಿಯಲ್ಲಿರುವುದು 1 ಘನ ಸೆಂ.ಮೀ.ಯ 20,000ದಲ್ಲಿ ಒಂದು ಭಾಗ. ಆಲ್ಕೋಹಾಲ್ ಆರಿ, ನೀರಿನಲ್ಲಿ ಕರಗಿ ಹೋಗುತ್ತದೆ. ಆಮ್ಲ ಮೇಲೆಯೇ ಉಳಿಯುತ್ತದೆ. ವೃತ್ತದ ವ್ಯಾಸ 18 ಸೆಂ.ಮೀ. ಬಂತೆನ್ನಿ, ವಿಸ್ತೀರ್ಣ 254 ಚದರ ಸೆಂ.ಮೀ. ಆಮ್ಲದ ಗಾತ್ರವನ್ನು ಇದರಿಂದ ಭಾಗಿಸಿ ನೋಡಿ: ದಪ್ಪ ಸುಮಾರು 2 ನ್ಯಾನೊಮೀಟರ್, ಮಿಲಿಮೀಟರಿನ ಐದು ಲಕ್ಷದಲ್ಲೊಂದು ಪಾಲು. ಕಣ್ಣಿಗೆ ಕಾಣದ್ದನ್ನು ಶಾಲೆಯ ಸ್ಕೇಲು ಅಳೆದುಬಿಟ್ಟಿತು.

ಲಂಡನ್ನಿನ ಕ್ಲಾಪಮ್ ಕಾಮನ್ ಕೊಳದಲ್ಲಿ ಒಂದು ಟೀ ಚಮಚದಷ್ಟು ಎಣ್ಣೆ ಅರ್ಧ ಎಕರೆ ಹರಡಿದ್ದನ್ನು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲೇ ಪ್ರಕಟಿಸಿದ್ದ. ಭಾಗಾಕಾರ ಮಾತ್ರ ಮಾಡಲಿಲ್ಲ. 1890ರಲ್ಲಿ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಆಲಿವ್ ಎಣ್ಣೆಯ ಪದರಕ್ಕೆ 1.6 ನ್ಯಾನೊಮೀಟರ್ ಎಂದು ಲೆಕ್ಕ ಕೊಟ್ಟರು. ನನಗೆ ಇವರೆಲ್ಲರಿಗಿಂತ ದೊಡ್ಡವಳಾಗಿ ಕಾಣುವವಳು ಜರ್ಮನಿಯ ಆಗ್ನೆಸ್ ಪಾಕೆಲ್ಸ್. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಆಕೆ ಅಡುಗೆಮನೆಯಲ್ಲೇ ತಗಡಿನ ತೊಟ್ಟಿಯಲ್ಲಿ ನೀರಿನ ಮೇಲ್ಮೈಯನ್ನು ವರ್ಷಗಟ್ಟಲೆ ಅಳೆದಳು. ರ‍್ಯಾಲೆಗೆ ಬರೆದ ಆಕೆಯ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಮೇಷ್ಟ್ರುಗಳೇ, ಇದನ್ನು ಬೋರ್ಡಿನ ಮೇಲೆ ಬರೆದು ಮುಗಿಸಬೇಡಿ, ಮಕ್ಕಳ ಕೈಯಲ್ಲೇ ಮಾಡಿಸಿ. ಪರಾತದಲ್ಲಿ ಸೋಪಿನ ಪಸೆ ಚೂರೂ ಇರದಂತೆ ತೊಳೆಯಿರಿ, ಹನಿ ಬಿಡುವ ಮುನ್ನ ಫ್ಯಾನ್ ಆರಿಸಿ.